ಅಂಗಡಿ ಮೊಸರಿನ ಹೆಪ್ಪು

ಗದಗ-ಬೆಟಗೇರಿ
ಫೆಬ್ರವರಿ ಮೂವತ್ತು, ೨೧೪೭

ಶಿವಲೀಲಾ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ತಂಗೆವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕಾಗದ ಮಡಚಿಡಬೇಡಿ. ಫೆಬ್ರವರಿಗೆ ಬಹಳ ಕಾಲದಿಂದ ಅನ್ಯಾಯವಾಗಿತ್ತೆಂದು ನಮ್ಮವರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ಅಜ್ಜಿ ಎಂದಿದ್ದಕ್ಕೂ ಸಿಟ್ಟಾಗಬೇಡಿ. ಈ ಕಾಗದ ಸೇರುವ ಹೊತ್ತಿಗೆ ನಿಮಗೆ ನಲವತ್ತೊಂದು, ನನಗೆ ನಲವತ್ತೆರಡು. ಹಾಗೆ ನೋಡಿದರೆ ನಾನೇ ದೊಡ್ಡವಳು. ನಿಮ್ಮ ಕಾಲಕ್ಕೆ ಮೂಲೆ ಸೇರಿದ್ದ ಹೆಸರುಗಳು ಈಗ ಮತ್ತೆ ಬಂದಿವೆ, ನನ್ನ ತರಗತಿಯಲ್ಲೇ ಮೂವರು ತಂಗೆವ್ವಂದಿರಿದ್ದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಕ್ಷಮಿಸಿ. ಭೂಗೋಳದ ಟೀಚರ್ ನೀವು, ದಯವಿಟ್ಟು ಕೆಂಪು ಪೆನ್ನು ಹಿಡಿದು ಕೂರಬೇಡಿ.

ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ನಮಗಿಂತ ಮೊದಲು ಬದುಕಿದ್ದವರಿಗೆ ಕಾಗದ ಬರೆದು ಹಾಕುವ ಮರದ ಡಬ್ಬಿಗೆ ಆ ಹೆಸರು. ಕಾಗದ ಮುಟ್ಟುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಡಬ್ಬಿ ಮಾತ್ರ ಎಂದೂ ತುಂಬಿದ್ದಿಲ್ಲ.

ನಾನು ಹೋಗುವ ಜಾಗಕ್ಕೆ ಹಗಲುಮನೆ ಎನ್ನುತ್ತೇವೆ. ಚಟ ಬಿಡಲು ನೀವು ಬೆಟಗೇರಿಯಲ್ಲಿ ಹೋಗುತ್ತಿದ್ದ ಹಗಲು ಚಿಕಿತ್ಸಾ ಕೇಂದ್ರವೇ ಬೆಳೆದು ಇದಾಗಿದೆ. ಮೈ ತೀರಾ ಹದಗೆಟ್ಟವರನ್ನು ಮೊದಲು ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ. ಉಳಿದವರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತೇವೆ. ಮೊದಲು ಪೂರಾ ಹಗಲು, ಕೊಂಚ ಸುಧಾರಿಸಿದ ಮೇಲೆ ವಾರಕ್ಕೆ ಮೂರು ಅರೆಹಗಲು, ಆಮೇಲೆ ವಾರಕ್ಕೊಂದು ತಾಸು. ಡಾಕ್ಟರು ನಾಡಿ ಹಿಡಿಯುತ್ತಾರೆ, ಔಷಧ ಕೊಡುತ್ತಾರೆ. ಮಾತಿನ ಕೋಣೆಯಲ್ಲಿ ಎಂಟು ಜನ ಸುತ್ತ ಕೂತು ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಮಧ್ಯಾಹ್ನ ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಅರ್ಧ ತಾಸು ಕಣ್ಣುಮುಚ್ಚಿ ಮಲಗುವುದೂ ಚಿಕಿತ್ಸೆಯೇ. ಸಂಜೆಬಂಡಿ ನಮ್ಮನ್ನು ಮನೆ ಮನೆಗೆ ಬಿಡುತ್ತದೆ. ಅದು ನೆಲಕ್ಕೆ ತಾಗದೆ, ಮನುಷ್ಯರ ನಡಿಗೆಗಿಂತ ಜೋರಾಗಿ ಹೋಗದೆ, ಹತ್ತಿಯ ಹೊಲಗಳ ಮೇಲೆ ತೇಲುತ್ತದೆ. ಕಪ್ಪತಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಯಂತ್ರಗಳ ಕಂಬಗಳು ಇನ್ನೂ ನಿಂತಿವೆ. ರೆಕ್ಕೆ ಉದುರಿದ ಆ ಕಂಬಗಳ ತುದಿಯಲ್ಲಿ ಕೊಕ್ಕರೆಗಳು ಗೂಡು ಕಟ್ಟಿವೆ. ಸಂಜೆ ಬಿಸಿಲಿಗೆ ಇಡೀ ಗುಡ್ಡ ಬೆಳ್ಳಗೆ ಅಲುಗಾಡಿದ ಹಾಗೆ ಕಾಣುತ್ತದೆ. ನಾವು ಮಡಿಲಲ್ಲಿ ಬಟ್ಟಲು ಇಟ್ಟುಕೊಂಡು ಅದನ್ನು ನೋಡುತ್ತಾ ಹೋಗುತ್ತೇವೆ.

ಬಟ್ಟಲಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಸಂಜೆ ಹೊರಡುವಾಗ ಒಬ್ಬೊಬ್ಬರಿಗೂ ಒಂದು ಮಣ್ಣಿನ ಬಟ್ಟಲಲ್ಲಿ ಹಾಲು, ಪುಟ್ಟ ಕುಡಿಕೆಯಲ್ಲಿ ಒಂದು ಚಮಚ ಹೆಪ್ಪು ಕೊಡುತ್ತಾರೆ. ಮನೆಯಲ್ಲಿ ಹಾಲನ್ನು ಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ಅಲುಗಾಡದ ಜಾಗದಲ್ಲಿಟ್ಟು, ಬೆಳಿಗ್ಗೆ ಗಟ್ಟಿ ಮೊಸರು ತರಬೇಕು. ಬಂದವರ ಬಟ್ಟಲುಗಳಿಂದೆಲ್ಲ ಒಂದೊಂದು ಚಮಚ ದೊಡ್ಡ ಗಡಿಗೆಗೆ ಹೋಗುತ್ತದೆ. ಮರುದಿನದ ಹೆಪ್ಪು ಅದೇ. ಹಗಲನ್ನು ಹತ್ತು ಜನ ಸೇರಿ ಕಾಯಬಹುದು, ಮನೆಯ ಹೊತ್ತನ್ನು ಮಾತ್ರ ಅವರವರೇ ಕಾಯಬೇಕು. ಆ ಹೊತ್ತಿಗೊಂದು ಕೆಲಸವಿರಲಿ ಎಂದು ನಿಮ್ಮ ಕೇಂದ್ರದ ಅಡುಗೆಯ ಫಕ್ಕೀರವ್ವ ತಮ್ಮ ಮನೆಯ ಹೆಪ್ಪು ತಂದು ಶುರುಮಾಡಿದ್ದು. ಈಗ ಅವರ ಹೆಸರಿನಲ್ಲಿ ಒಂದು ದಿನವನ್ನೇ ಆಚರಿಸುತ್ತೇವೆ. ನೂರಿಪ್ಪತ್ತು ವರ್ಷ ಕೆಡದೆ ಬಂದ ಶುದ್ಧ ಹೆಪ್ಪು ಎಂದು ಭಾಷಣಕಾರರು ಎದೆ ತಟ್ಟಿಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತೇನೆ. ಆ ಶುದ್ಧದ ಕಥೆ ಗೊತ್ತಿರುವುದು ನಮ್ಮ ಮನೆಯವರಿಗೆ ಮಾತ್ರ.

ಇವತ್ತು ನನಗೆ ನಗು ಬರುತ್ತಿಲ್ಲ. ನನ್ನದು ನಿಮ್ಮ ಹಾಗೆ ನಿದ್ದೆ ಮಾತ್ರೆಯ ಚಟವಲ್ಲ, ಕನಸುಹನಿಯದು. ಕಣ್ಣಿಗೆ ಎರಡು ಹನಿ ಬಿಟ್ಟುಕೊಂಡರೆ ತೀರಿಹೋದವರು ಅಡುಗೆಮನೆಗೆ ಬಂದು ಕೂರುತ್ತಾರೆ. ನನ್ನ ತಂಗಿ ಸಿರಿದೇವಿ ಬರುತ್ತಿದ್ದಳು. ಬಂದವಳು ಏನೂ ಕೇಳುವುದಿಲ್ಲ, ಅವರೆಕಾಯಿ ಸುಲಿಯುತ್ತಾ ಕೂರುತ್ತಾಳೆ, ಅಷ್ಟೇ. ಆ ಅಷ್ಟಕ್ಕಾಗಿ ನಾನು ಕೆಲಸ ಕಳೆದುಕೊಂಡೆ, ಕಣ್ಣು ಅರ್ಧ ಕಳೆದುಕೊಂಡೆ, ಮಗಳು ಮಾತು ಬಿಟ್ಟಳು. ಹಗಲುಮನೆ ಸೇರಿ ಅರವತ್ತೊಂದು ದಿನ ಹನಿ ಮುಟ್ಟಿರಲಿಲ್ಲ. ನಿನ್ನೆ ಸಿರಿದೇವಿಯ ಹುಟ್ಟಿದ ದಿನ. ಬಂಡಿ ಇಳಿದು ಒಳಗೆ ಬಂದವಳೇ ಹಳೆಯ ಪೆಟ್ಟಿಗೆಯ ತಳದಲ್ಲಿ ಕೈಯಾಡಿಸಿದೆ, ಹನಿಯ ಶೀಶೆ ಸಿಕ್ಕಿತು. ಬೆಳಿಗ್ಗೆ ಕಣ್ಣು ಬಿಟ್ಟಾಗ ಕುಡಿಕೆಯ ಹೆಪ್ಪು ಕುಡಿಕೆಯಲ್ಲೇ ಇತ್ತು, ಹಾಲು ಒಡೆದಿತ್ತು. ಎದುರಿನ ಅಂಗಡಿಗೆ ಓಡಿ ಮೊಸರು ತಂದು ಬಟ್ಟಲಿಗೆ ಸುರಿದೆ, ಮೇಲ್ಮೈಯನ್ನು ಚಮಚದಿಂದ ನುಣ್ಣಗೆ ಸವರಿದೆ. ಸವರುವಾಗ ನಿಮ್ಮ ನೆನಪಾಯಿತು.

ನೀವೂ ಇದನ್ನೇ ಮಾಡಿದಿರಿ. ಹತ್ತೊಂಬತ್ತನೆಯ ದಿನ ಎರಡು ಮಾತ್ರೆ ನುಂಗಿ, ಹಾಲು ಕೆಟ್ಟು, ಅಂಗಡಿಯ ಮೊಸರನ್ನು ಬಟ್ಟಲಿಗೆ ಹಾಕಿಕೊಂಡು ಕೇಂದ್ರಕ್ಕೆ ಹೋದಿರಿ. ಫಕ್ಕೀರವ್ವ ಬೆರಳ ತುದಿಗೆ ಹಚ್ಚಿ ನೆಕ್ಕಿ ನೋಡಿದರು. ಅವರಂದದ್ದು ನಮ್ಮ ಮನೆಯಲ್ಲಿ ಅಕ್ಷರ ಬದಲಾಗದೆ ಬಂದಿದೆ: "ಟೀಚರ್, ಇದು ಅಂಗಡೀದೈತಿ. ಇರ್ಲಿ ಬಿಡ್ರಿ, ನೀವು ಬಂದೀರಲ್ಲ. ಬರದ ಹೋಗಿದ್ರ ನಾ ಏನ್ ಮಾಡ್ಬೇಕಿತ್ತು?" ಹಾಗೆಂದು ಅದರಿಂದಲೂ ಒಂದು ಚಮಚ ತೆಗೆದು ಗಡಿಗೆಗೆ ಹಾಕಿದರು. ನೀವು ಅಲ್ಲೇ ಕೂತು ಅತ್ತಿರಂತೆ. ಅಂದಿನಿಂದ ಇಂದಿನವರೆಗೆ ಈ ಊರಿನಲ್ಲಿ ಗುಣವಾದವರೆಲ್ಲ ಉಂಡ ಮೊಸರಿನಲ್ಲಿ ನಿಮ್ಮ ಆ ಸುಳ್ಳೂ ಇದೆ. ಅದರಿಂದ ಯಾರ ಹೊಟ್ಟೆಯೂ ಕೆಟ್ಟಿಲ್ಲ.

ಅದಕ್ಕೇ ಈ ಕಾಗದ ನಿಮಗೆ ಅದೇ ದಿನದ ಸಂಜೆ ಸಿಗಲಿ ಎಂದು ಬೇಡಿಕೊಳ್ಳುತ್ತೇನೆ. ನೀವು ಮನೆಗೆ ಬಂದು ಹಾಲು ಕಾಯಿಸುತ್ತಾ ನಿಂತಿರುತ್ತೀರಿ. ಹತ್ತು ವರ್ಷದ ಮಗಳು ರೇವಕ್ಕ, ಇವತ್ತು ಏನಾಯಿತು ಎಂದು ಕೇಳುತ್ತಾಳೆ. ಏನಿಲ್ಲ ಎನ್ನುವುದು ಸುಲಭ, ಮಾನವೂ ಉಳಿಯುತ್ತದೆ. ದಯವಿಟ್ಟು ಹಾಗೆನ್ನಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ. ನೀವು ಅವಳಿಗೆ, ಅವಳು ತನ್ನ ಮಗಳಿಗೆ ಹೇಳಿದರೆ ಮಾತ್ರ ಅದು ನನ್ನವರೆಗೆ ಬರುತ್ತದೆ. ಇಲ್ಲದಿದ್ದರೆ ಇವತ್ತು ಬೆಳಿಗ್ಗೆ, ಈ ಜಗತ್ತಿನಲ್ಲಿ ಹೀಗೆ ಮಾಡಿದವಳು ತಾನೊಬ್ಬಳೇ ಎಂದುಕೊಂಡು ಒಬ್ಬಳು ಹೆಂಗಸು ಬಾಗಿಲು ಹಾಕಿಕೊಳ್ಳುತ್ತಾಳೆ, ಮತ್ತೆ ತೆರೆಯುವುದಿಲ್ಲ. ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಹನಿ ಉಳಿದಿದೆ, ಅಜ್ಜಿ. ನಿಮ್ಮಿಂದ ಮುಚ್ಚಿಟ್ಟು ಏನು ಮಾಡಲಿ.

ಬೀದಿಯ ತುದಿಯಲ್ಲಿ ನಮ್ಮನ್ನು ಕರೆದೊಯ್ಯುವ ಬೆಳಗಿನ ಬಂಡಿಯ ಗಂಟೆ ಕೇಳಿಸುತ್ತಿದೆ. ಆ ಹನಿಯ ಶೀಶೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ, ಡಾಕ್ಟರ ಕೈಗೆ ಕೊಡಲು. ನುಣ್ಣಗೆ ಸವರಿದ್ದ ಮೊಸರನ್ನು ಚಮಚದಿಂದ ಕಲಕಿಬಿಟ್ಟೆ. ನಿಮ್ಮದನ್ನು ಫಕ್ಕೀರವ್ವ ನೆಕ್ಕಿ ಕಂಡುಹಿಡಿಯಬೇಕಾಯಿತು. ನಾನು ಮೆಟ್ಟಿಲ ಬಳಿಯೇ ಬಟ್ಟಲು ಮುಂದೆ ಹಿಡಿದು ಹೇಳುತ್ತೇನೆ: ಇದು ಅಂಗಡಿಯದು, ನಾನು ಬಂದಿದ್ದೇನೆ.

ನಿಮ್ಮ
ತಂಗೆವ್ವ