ಅಕ್ಕನ ಗಾಳಿಚೀಲ

ಮಾರ್ಚ್ 2
ಮಾನ್ಯ ಅಧ್ಯಕ್ಷರೇ, ಕುರ್ಚಿ ಸಿಗದೆ ನಿಂತಿರುವ ಮಹನೀಯರೇ! ನಮ್ಮೂರ ವಿಮಾನ ನಿಲ್ದಾಣದ ಬೆಳ್ಳಿಹಬ್ಬದಂದು, ಅದರ ಅನೌನ್ಸರ್ ಆದ ನಾನು ಚರಿತ್ರೆ ಅರುಹುತ್ತಿದ್ದೇನೆ. ಮೊದಲು ಮೇವಿನ ಬಯಲು. ಆಮೇಲೆ ರನ್‌ವೇ, ಒಂದು ತಗಡಿನ ಶೆಡ್. ಉದ್ಘಾಟನೆಗೆ ಹಾರ ಬಂತು, ತುರಾಯಿ ಬಂತು. ಗಾಳಿ ಎತ್ತ ಬೀಸುತ್ತಿದೆಯೆಂದು ಪೈಲಟ್‌ಗೆ ತೋರಿಸುವ ಗಾಳಿಚೀಲ ಮಾತ್ರ ಬರಲಿಲ್ಲ. ಮ್ಯಾನೇಜರ್ ಅಳತೆ ಹಿಡಿದು ಓಡಿದ್ದು ನಮ್ಮಕ್ಕನ ಟೈಲರಿಂಗ್ ಅಂಗಡಿಗೆ.
“ಯಾರ ಕಾಲಿಗೆ ಸಾರ್ ಇಷ್ಟುದ್ದ ಪ್ಯಾಂಟು?” ಎಂದಳಂತೆ.

ಮಾರ್ಚ್ 4
ಬಿಸಿಲಿಗೆ ಬಣ್ಣ ಹೋಗುತ್ತದೆ, ಗಾಳಿಗೆ ಹರಿಯುತ್ತದೆ. ಪ್ರತಿ ವರ್ಷ ಹೊಸದು ಅಕ್ಕನದೇ. ಈಗ ಜೆಟ್ ಬರುತ್ತದೆ — ನೂರೈವತ್ತು ಜನರನ್ನು ಹೊತ್ತ ಅಷ್ಟು ದೊಡ್ಡ ಲೋಹ, ಅವಳ ಕಿತ್ತಳೆ ಬಟ್ಟೆ ಆಡಿದಂತೆ ದಿಕ್ಕು ಬದಲಿಸುತ್ತದೆ. ದಿನವೂ ನೋಡುತ್ತೇನೆ. ದಿನವೂ ಮೈ ಜುಮ್ಮೆನ್ನುತ್ತದೆ.
ಲೋಹದ ಹಕ್ಕಿ ಎಷ್ಟೇ ದೊಡ್ಡದು,
ಅಕ್ಕನ ಹೊಲಿಗೆಗೆ ತಲೆ ಬಾಗುವುದು.
ಪ್ರಾಸ ಬಿತ್ತು. ಇನ್ನು ತೆಗೆಯುವುದಿಲ್ಲ.

ಮಾರ್ಚ್ 9
ಅಕ್ಕನ ಒಂದು ಕಣ್ಣು ಹೋಗಿ ವರ್ಷವಾಯಿತು. ಇನ್ನೊಂದಕ್ಕೆ ಆಪರೇಷನ್, ದೂರದ ಆಸ್ಪತ್ರೆಯಲ್ಲಿ. ಡಾಕ್ಟರ್ ಯಾವ ಭರವಸೆಯನ್ನೂ ಕೊಟ್ಟಿಲ್ಲ.
“ಬೇಲಿ ಆಚೆಯಿಂದ ನನ್ನ ಚೀಲ ಬರೀ ಚುಕ್ಕಿ ಕಣೋ. ಅದು ಹಾರೋದನ್ನ ಒಂದ್ಸಲ ಹತ್ತಿರದಿಂದ ನೋಡ್ಬಿಟ್ಟಿದ್ರೆ...”
ವಿಮಾನದ ಟಿಕೆಟ್ ತೆಗೆದೆ, ಅವಳಿಗೂ ಭಾವನಿಗೂ. ವಿಮಾನ ಗಾಳಿಗೆ ಎದುರಾಗಿಯೇ ಏರುವುದು; ಈ ತಿಂಗಳು ಗುಡ್ಡದ ಕಡೆಯ ಗಾಳಿ. ಏರುವಾಗ ಚೀಲದ ಕಂಬ ಎಡಕ್ಕೆ ಬರುತ್ತದೆ. ಎಡಗಡೆ ಕಿಟಕಿ — ಪಕ್ಕಾ.

ಮಾರ್ಚ್ 13
ಅಕ್ಕ ಹೊರಡುವ ಬೆಳಿಗ್ಗೆಯೇ ಗಾಳಿ ತಿರುಗಿತು! ಇನ್ನು ಉಲ್ಟಾ ದಿಕ್ಕಿಗೆ ಏರುತ್ತದೆ, ಕಂಬ ಬಲಕ್ಕೆ. ವಿಮಾನ ತುಂಬಿದೆ, ಸೀಟು ಬದಲಿಸುವಂತಿಲ್ಲ. ಹೊಲಿದವಳಿಗೇ ಅವಳ ಚೀಲ ಕೈಕೊಟ್ಟಿತು ಎಂದು ಮೈಕ್ ಹಿಂದೆ ಕೂತು ಬೈದುಕೊಂಡೆ.
ಆಮೇಲೆ ಕಂಡದ್ದು — ಉಲ್ಟಾ ಏರಬೇಕೆಂದರೆ ಮೊದಲು ಕಂಬವಿರುವ ರನ್‌ವೇ ತುದಿಗೆ ಹೋಗಿ ತಿರುಗಬೇಕಲ್ಲ! ಇಷ್ಟು ವರ್ಷ ನೋಡಿಯೂ ಹೊಳೆದಿರಲಿಲ್ಲ. ಹೋಯಿತು, ಮೆಲ್ಲಗೆ, ತುಂಬು ಗರ್ಭಿಣಿಯ ಹಾಗೆ, ಕಂಬವನ್ನು ಎಡಕ್ಕಿಟ್ಟುಕೊಂಡೇ. ಚೀಲದ ಮುಂದೆ ಸುತ್ತು ತಿರುಗಿತು. ನಿಂತಿತು. ಏರಿತು. ಅಂದುಕೊಂಡ ಗಾಳಿಯೇ ಇದ್ದಿದ್ದರೆ ಕಣ್ಣೆದುರು ಸರ್ರೆಂದು ಹೋಗಿಬಿಡುತ್ತಿತ್ತು.
ಮಧ್ಯಾಹ್ನ ಫೋನು. “ಲೋ, ಕಿಟಕಿಗೇ ಬಂತು ಕಣೋ! ಬಟ್ಟೆ ಸಾಲ್ದೆ ಹಳದಿ ಪಟ್ಟಿ ಹಾಕಿದ್ನಲ್ಲ, ಅದೂ ಕಾಣಿಸ್ತು. ಎಷ್ಟು ದೊಡ್ಡದಿದೆಯೋ ಅದು! ನಾನೇ ಹೊಲಿದಿದ್ದಾ?”
ಭಾವ ಹಿಂದಿನಿಂದ: “ಇಳಿಯೋವರೆಗೂ ಇದೇ ಮಾತು ಮಾರಾಯ.”

ಮಾರ್ಚ್ 16
ನಾಳೆ ಬ್ಯಾಂಡೇಜ್ ಬಿಚ್ಚುತ್ತಾರೆ.
ಮಹನೀಯರೇ — ಯಾರೂ ಇಲ್ಲ. ಬೆಳ್ಳಿಹಬ್ಬವೂ ಇಲ್ಲ, ಭಾಷಣವನ್ನು ಯಾರೂ ಕೇಳಿಲ್ಲ. ಅಕ್ಕನಿಗೆ ಕಾಣದೇ ಹೋದರೆ ಓದಿ ಹೇಳೋಣವೆಂದು ಬರೆಯತೊಡಗಿದ್ದು. ಅಂಗಡಿಯಲ್ಲಿ ಮುಂದಿನ ವರ್ಷದ ಚೀಲ ಅರ್ಧ ಹೊಲಿದಿದೆ. ಸೂಜಿಗೆ ದಾರ ಪೋಣಿಸಿಟ್ಟು ಬಂದೆ. ಮುಗಿಸುವವಳು ಅವಳೇ. ಅವಳೇ ಆಗಬೇಕು.