ಬಿದ್ದ ಅರಳಿಮರಕ್ಕೆ ಶಂಖ

ಅತ್ತೆ,

ಚಂಡಮಾರುತಕ್ಕೆ ಕಟಕ ನಗರದ ತುಂಬ ಮರ ಉರುಳಿವೆ, ಪಾಲಿಕೆಯಿಂದ ಬೇಗ ಬಾ ಅಂತ ಕರೆ ಬಂತು. ನಿಮ್ಮನ್ನು ಎಬ್ಬಿಸಲಿಲ್ಲ. ರಾತ್ರಿ ನೀರಲ್ಲಿ ನೆನೆಸಿದ ಪಖಾಳ ಅನ್ನ ಮುಚ್ಚಿಟ್ಟಿದ್ದೇನೆ, ಕೋಪದಲ್ಲಿ ಉಪವಾಸ ಕೂರಬೇಡಿ.

ನಮ್ಮ ಓಣಿಯ ಅರಳಿಮರ ಕಡಿಯೋಕೆ ನಮ್ಮ ಪಾಲಿಕೆಯ ಗೌರಾಂಗನ ತಂಡ ಬರುತ್ತೆ. ನಿನ್ನೆಯ ಹಾಗೆ "ಮೊದಲು ನನ್ನನ್ನ ಕೊಯ್ಯಿರೋ" ಅಂತ ಅಡ್ಡ ನಿಲ್ಲಬೇಡಿ. ಮರ ತಂತಿಯ ಮೇಲೆ ಬಿದ್ದಿದೆ. ಅದನ್ನು ತೆಗೆದರೇನೇ ಕರೆಂಟು, ಪಕ್ಕದ ಮನೆ ಬಾಣಂತಿಗೆ ನೀರು. ನೀವು ಮರವನ್ನು ಬೀಳ್ಕೊಡೋಕೆ ಶಂಖ ಊದುವ ತನಕ ಗರಗಸ ಹಚ್ಚಬೇಡಿ ಅಂತ ಅವರಿಗೂ ಹೇಳಿದ್ದೇನೆ. ಹಾಗಂತ ಸಂಜೆ ತನಕ ಊದುತ್ತಾ ಕೂರಬೇಡಿ!

ತಂಡ ಕಳಿಸೋಳು ನಾನೇ, ಆದರೆ ನಾನು ಬರೋದಿಲ್ಲ. ಮದುವೆಯಾದ ವರ್ಷ ಆ ಮರಕ್ಕೆ ನನ್ನ ಕೈಯಿಂದ ದಾರ ಕಟ್ಟಿಸಿದ್ದು ನೀವೇ ಅಲ್ವಾ?

ಎರಡು ಸಲ ಊದಿ, ಅತ್ತೆ. ಒಂದು ನಿಮ್ಮದು, ಒಂದು ನನ್ನದು.

ಮಿನತಿ