ಆರನೆಯ ಟಿಕಳಿ

ಮಾಣಿಕನಗರ, ಹುಮನಾಬಾದ್
೧೯ ಜನವರಿ ೨೦೨೫

ಪ್ರಿಯ ಖಮರುದ್ದೀನ್,

ಆರು ಕಿಟಕಿ, ಇನ್ನೂರ ಎಂಬತ್ತು ಇಟ್ಟಿಗೆ, ಎರಡು ಚೀಲ ಸಿಮೆಂಟು, ಗೌಂಡಿಯ ಎರಡು ದಿನ, ಕಟ್ಟಿದ್ದನ್ನೇ ಒಡೆಯಲು ಅರ್ಧ ದಿನ, ಆಸ್ಪತ್ರೆಯಲ್ಲಿ ನಿನ್ನ ಮೊಮ್ಮಗಳ ಎಂಟು ದಿನ. ಇಲ್ಲಿಯವರೆಗಿನ ಖರ್ಚು ಇಷ್ಟು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಸವಕಲ್ಯಾಣದಲ್ಲಿ ಮಲಗಿರುವ ಗೆಳೆಯನಿಗೆ ನಮಸ್ಕಾರ ಹೇಳುವ ಮೊದಲೇ ಲೆಕ್ಕ ಒಪ್ಪಿಸಿದೆ, ಕ್ಷಮಿಸು. ಇಷ್ಟು ದಿನ ಬರೆಯದೆ ಇದ್ದುದಕ್ಕೂ ಕ್ಷಮಿಸು. ಫೋನಿನಲ್ಲಿ ದಿನಾ ಮಾತಾಡುತ್ತೇವೆ, ನಿಜ. ಆದರೆ ಫೋನು ಹಿಡಿದರೆ ನನ್ನ ಬಾಯಿ ಗಿರಾಕಿಯ ಮುಂದೆ ನಿಂತಂತೆ ಆಡುತ್ತದೆ.

ಆರ್ಜೂಗೆ ಆಕ್ಸಿಜನ್ ನಳಿಗೆ ಇನ್ನೂ ಇದೆ. ನಿನ್ನೆ ಎರಡು ಚಮಚ ಗಂಜಿ ಕುಡಿದಳು. ನಿನ್ನ ಮನೆಯವರು, ನಮ್ಮ ಭಾಬಿ, ಕೂಸಿನ ಮಂಚ ಬಿಟ್ಟು ಏಳುವುದಿಲ್ಲ. ನಾನು ತಂದ ಚಹಾ ಹಾಗೇ ಆರುತ್ತದೆ. ಉಸಿರು ಎಣಿಸುವುದನ್ನು ನರ್ಸಮ್ಮ ನನಗೂ ಕಲಿಸಿದ್ದಾಳೆ: ಹೊಟ್ಟೆ ಏರಿ ಇಳಿದರೆ ಒಂದು, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ. ಒಂಬತ್ತು ತಿಂಗಳ ಕೂಸಿಗೆ ಐವತ್ತರ ಒಳಗಿರಬೇಕು. ತಂದ ದಿನ ಎಪ್ಪತ್ತೆರಡಿತ್ತು. ಮೂವತ್ತು ವರ್ಷ ತಗಡು ಎಣಿಸಿ ಮಾರಿದ ನನಗೆ ಎಣಿಕೆ ಎಂದರೆ ಇಷ್ಟು ಭಯ ಆಗಿದ್ದಿಲ್ಲ.

ಕಿಟಕಿಯ ಸಂಗತಿ ಹೀಗೆ. ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದರೆ ನನ್ನ ಆರು ಬಾಡಿಗೆ ಕೋಣೆಗಳಿಗೂ ವಾಸನೆ ಬರುತ್ತಿತ್ತು. ದೀಪಾವಳಿ ಮುಗಿದ ಮೇಲೆ ಹಿಂದಿನ ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿಸಿ, ವಾಸನೆ ಬಾರದ ಕೋಣೆ ಎಂದು ನೂರು ರೂಪಾಯಿ ಬಾಡಿಗೆ ಏರಿಸಿದೆ. ತಿಂಗಳ ಕೊನೆಗೆ ಸಿಲಿಂಡರ್ ಮುಗಿದರೆ ಬಾಡಿಗೆದಾರರು ಒಳಗೇ ತೊಗರಿ ಕಟ್ಟಿಗೆ ಉರಿಸುತ್ತಾರೆ, ಚಳಿಗೆ ಬಾಗಿಲೂ ಹಾಕಿಕೊಳ್ಳುತ್ತಾರೆ ಎಂಬುದು ನನ್ನ ಜಾಣತನಕ್ಕೆ ಹೊಳೆಯಲಿಲ್ಲ. ನಿನ್ನ ಮಗಳು ಖುಷ್ನುಮಾ, ಅಳಿಯ ಅಮೀರ ಇದ್ದದ್ದು ಮೂರನೆಯ ಕೋಣೆಯಲ್ಲಿ.

ಆಶಾ ಕಾರ್ಯಕರ್ತೆ ಸಖುಬಾಯಿ ಅಂಗನವಾಡಿಯ ಗೋಡೆಗೆ ನಮ್ಮ ಓಣಿಯ ನಕಾಶೆ ಬರೆದು ಹಚ್ಚಿದ್ದಾಳೆ. ಯಾವ ಮನೆಯ ಮಗುವಿಗೆ ನ್ಯುಮೋನಿಯಾ ಆಯಿತೋ ಆ ಮನೆಯ ಮೇಲೆ, ತಾನು ಹಣೆಗಿಡುವ ಬಿಂದಿಯ ಪಾಕೀಟಿನಿಂದಲೇ ತೆಗೆದ ಒಂದು ಕೆಂಪು ಟಿಕಳಿ. ಹೊಸ ವರ್ಷದ ಹೊತ್ತಿಗೆ ನನ್ನ ಸಾಲಿನ ಮೇಲೆ ಐದು, ಎದುರಿನ ಗುರುಲಿಂಗನ ಬಾಡಿಗೆ ಕೋಣೆಗಳ ಸಾಲಿನ ಮೇಲೆ ಒಂದು. ಎಲ್ಲ ಕಾರ್ಖಾನೆಯ ಗಾಳಿಯ ಕೆಲಸ ಎಂದು ನಾನು ವಾದಕ್ಕೆ ನಿಂತೆ.

"ಗಾಳಿ ಇಬ್ಬರಿಗೂ ಒಂದೇ ಬರ್ತದ್ರಿ ಸಾವ್ಕಾರ್ರ," ಅಂದಳು. "ಹೊಗಿ ಹೊರಗ ಹೋಗಾಕ ದಾರಿ ಯಾರ ಮನ್ಯಾಗ ಅದ, ಅದನ್ನ ನೋಡ್ರಿ."

ಡಾಕ್ಟರು ಒಂದೇ ಕಾರಣದ ಕಡೆ ಬೆರಳು ತೋರಿಸಲಿಲ್ಲ. ಹೊಗೆ, ಇಕ್ಕಟ್ಟು, ಚಳಿ, ತಪ್ಪಿಹೋದ ಲಸಿಕೆ, ಹೊರಗಿನ ಗಾಳಿ, ಎಲ್ಲವೂ ಸೇರುತ್ತವೆ ಎಂದರು. ಗುರುಲಿಂಗನಿಗೆ ಮಾತ್ರ ಅನುಮಾನವಿರಲಿಲ್ಲ. ಕೋಣೆ ಕೇಳಲು ಬಂದವರನ್ನು ನೇರ ನಕಾಶೆಯ ಮುಂದೆ ನಿಲ್ಲಿಸುತ್ತಿದ್ದನಂತೆ.

ಕಾಲು ಜೋಪಾನ. ನಮ್ಮ ಮಾಣಿಕನಗರದ ಪ್ರಭುಗಳ ಕೃಪೆ, ನಿನ್ನ ದುವಾ, ಎರಡೂ ಕೂಸಿನ ತಲೆಯ ಮೇಲಿರಲಿ.

ನಿನ್ನ
ಮಹಾರುದ್ರಪ್ಪ

ತಾ.ಕ.: ಇದನ್ನು ಬರೆಯಲೆಂದೇ ಮೇಲಿನದೆಲ್ಲ ಬರೆದೆ. ಆಸ್ಪತ್ರೆಗೆ ಸೇರಿಸುವ ಎರಡು ದಿನ ಮೊದಲೇ ಖುಷ್ನುಮಾ ನನ್ನ ಬಾಗಿಲಿಗೆ ಬಂದಿದ್ದಳು. ಅಮೀರ ಪಾಳಿಯ ಮೇಲಿದ್ದ. "ಕಾಕಾ, ಕೂಸಿನ ಎದಿ ಒಳಗ ಜಗ್ಗಾಕತ್ತದ. ಗಾಡಿ ತೆಗೀರಿ," ಅಂದಳು. ದವಾಖಾನೆಗೆ ಹೋದರೆ ಸಖುಬಾಯಿ ನನ್ನ ಸಾಲಿಗೆ ಆರನೆಯ ಟಿಕಳಿ ಅಂಟಿಸುತ್ತಾಳೆ ಎಂದು ನನಗೆ ಮೊದಲು ನೆನಪಾಯಿತು. ಥಂಡಿ ಅಷ್ಟೇ, ಬಿಸಿ ಎಣ್ಣೆ ಹಚ್ಚು ಎಂದು ಕಳಿಸಿದೆ. ಅವಳು ನನ್ನ ಮಾತು ನಂಬಿದಳು. ನೀನು ಫೋನು ಮಾಡಿದಾಗ ನಿನಗೂ ಅದನ್ನೇ ಹೇಳಿದೆ. ಖುಷ್ನುಮಾ ಇದನ್ನು ಯಾರಿಗೂ ಹೇಳಿಲ್ಲ, ಭಾಬಿಗೂ.

ಯಾರಿಗೆ ಏನು ಸಿಕ್ಕಿತು ಎಂದರೆ: ನನಗೆ ಎರಡು ತಿಂಗಳು ನೂರು ರೂಪಾಯಿ ಹೆಚ್ಚಿನ ಬಾಡಿಗೆ. ಗುರುಲಿಂಗನಿಗೆ ನನ್ನ ಇಬ್ಬರು ಬಾಡಿಗೆದಾರರು. ಉಳಿದವರಿಗೆ ಅವರ ಕಿಟಕಿ. ಸಖುಬಾಯಿಗೆ ಆರನೆಯ ಟಿಕಳಿ. ನಾನೇ ಹೋಗಿ ಅಂಟಿಸಿ ಬಂದೆ. ಆರ್ಜೂಗೆ ಇವತ್ತು ಮುಂಜಾನೆ, ನಿಮಿಷಕ್ಕೆ ಐವತ್ನಾಲ್ಕು ಉಸಿರು.